ಪುಟದಿಂದ ಪುಟಕ್ಕೆ ದಾರಿ

ಪುಸ್ತಕವನ್ನು ಕೈಯಲ್ಲಿ ಹಿಡಿದು ಓದುವವನಿಗೆ ಮುಂದಿನ ಪುಟವೆಲ್ಲಿ ಎಂಬ ಚಿಂತೆ ಹುಟ್ಟುವುದೇ ಇಲ್ಲ. ಬೆರಳು ತಾನಾಗಿ ಹಾಳೆಯ ಮೂಲೆಗೆ ಹೋಗುತ್ತದೆ, ಹಾಳೆ ಮಗುಚುತ್ತದೆ, ಓದು ಮುಂದುವರಿಯುತ್ತದೆ. ಈ ಸೌಕರ್ಯವು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಇದರ ಹಿಂದೆ ಹಲವರ ಶ್ರಮವಿದೆ ಎಂಬುದು ನಮ್ಮ ನೆನಪಿಗೆ ಬರುವುದಿಲ್ಲ. ಅಚ್ಚುಕೂಟದವರು ಪುಟಗಳಿಗೆ ಸಂಖ್ಯೆ ಹಾಕಿರುತ್ತಾರೆ. ಮಡಿಸುವವರು ಹಾಳೆಗಳನ್ನು ಕ್ರಮ ತಪ್ಪದಂತೆ ಮಡಿಸಿರುತ್ತಾರೆ. ರಟ್ಟು ಕಟ್ಟುವವರು ಅವನ್ನೆಲ್ಲ ಒಂದೇ ಬೆನ್ನಿಗೆ ಹೊಲಿದಿರುತ್ತಾರೆ. ಇವರಲ್ಲಿ ಒಬ್ಬರು ಎಚ್ಚರ ತಪ್ಪಿದರೂ 32ನೆಯ ಪುಟವಾದ ಮೇಲೆ ಥಟ್ಟನೆ 49ನೆಯ ಪುಟ ಎದುರಾಗಿ, ಕಥೆಯ ನಾಯಕನು ಯಾವಾಗ ಕಾಡು ಸೇರಿದನೆಂದು ತಿಳಿಯದೆ ಓದುಗನು ಕಕ್ಕಾಬಿಕ್ಕಿಯಾಗುತ್ತಾನೆ.

ನಮ್ಮ ಹಿರಿಯರು ಓಲೆಗರಿಯ ಮೇಲೆ ಕಂಠದಿಂದ ಕೊರೆದು ಬರೆಯುತ್ತಿದ್ದ ಕಾಲದಲ್ಲಿ ಈ ಚಿಂತೆ ಇನ್ನೂ ಹೆಚ್ಚಾಗಿತ್ತು. ಓಲೆಗರಿಗಳಿಗೆ ಹೊಲಿದ ಬೆನ್ನಿಲ್ಲ. ಗರಿಯಲ್ಲಿ ರಂಧ್ರ ಮಾಡಿ, ಅದರೊಳಗೆ ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯನ್ನಿಟ್ಟು ಕಟ್ಟುತ್ತಿದ್ದರು. ದಾರ ಹರಿದರೆ ಕಾವ್ಯವೇ ಚೆಲ್ಲಾಪಿಲ್ಲಿಯಾಯಿತು. ಆದುದರಿಂದಲೇ ಲಿಪಿಕಾರರು ಗರಿಯ ಅಂಚಿನಲ್ಲಿ ಸಂಖ್ಯೆಯನ್ನು ಬರೆದಿಡುತ್ತಿದ್ದರು. ಕಟ್ಟು ಬಿಚ್ಚಿಹೋದರೂ ಆ ಸಣ್ಣ ಅಂಕಿ ಗರಿಯನ್ನು ಮತ್ತೆ ಅದರ ಸ್ಥಾನಕ್ಕೆ ತಲುಪಿಸುತ್ತಿತ್ತು. ಬರೆದವನು ತನ್ನ ಓದುಗನಿಗೆ ಬಿಟ್ಟುಹೋದ ದಾರಿಯ ಗುರುತು ಅದು.

ಇಂದು ನಾವು ಕಾಗದದ ಮೇಲೆ ಮಾತ್ರ ಓದುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೂ ಮೊಬೈಲಿನ ಮೇಲೂ ಓದುತ್ತೇವೆ. ಯಂತ್ರಗಳ ಕೈಪಿಡಿ, ಬೇಸಾಯದ ಮಾಹಿತಿ, ಕಾನೂನಿನ ವಿವರಣೆ, ಹಳೆಯ ಕಾವ್ಯ, ಎಲ್ಲವೂ ಅಂತರಜಾಲದಲ್ಲಿ ಪುಟ ಪುಟಗಳಾಗಿ ದೊರೆಯುತ್ತವೆ. ಆದರೆ ಈ ಪುಟಗಳಿಗೆ ಹೊಲಿದ ಬೆನ್ನೂ ಇಲ್ಲ, ಪೋಣಿಸಿದ ದಾರವೂ ಇಲ್ಲ. ಪ್ರತಿಯೊಂದು ಪುಟವೂ ಒಂದು ಪ್ರತ್ಯೇಕ ಕಡತ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅವುಗಳ ನಡುವೆ ಯಾರಾದರೂ ಕೊಂಡಿ ಹಾಕಿರಬೇಕು. ಪರದೆಯ ಕೆಳಗೆ ಕಾಣುವ ‘ಹಿಂದಿನದು’, ‘ಮುಂದಿನದು’, ‘ಪರಿವಿಡಿ’ ಎಂಬ ಮಾತುಗಳು ಅಂಥ ಕೊಂಡಿಗಳೇ. ಈ ಕೊಂಡಿಗಳನ್ನು ಹಾಕುವವರು ಯಾರು? ಸಾವಿರ ಪುಟಗಳ ಕೈಪಿಡಿಗೆ ಸಾವಿರಾರು ಕೊಂಡಿಗಳನ್ನು ಯಾರು ತಾನೆ ತಪ್ಪಿಲ್ಲದೆ ಬರೆದಾರು? ಈ ಪ್ರಶ್ನೆಗೆ ಉತ್ತರವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆ ತಪ್ಪು ನನ್ನದೇ ಆದುದರಿಂದ ಅದನ್ನು ಹೇಳಲು ಸಂಕೋಚವಿಲ್ಲ.

ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕೊನೆಯ ವರ್ಷಗಳಲ್ಲಿ, ನನ್ನ ವಿದ್ಯಾರ್ಥಿಗಳೂ ನಾನೂ ಸೇರಿ ಹರಿಹರವನ್ನು ಕುರಿತು ಒಂದು ಸಣ್ಣ ಜಾಲತಾಣವನ್ನು ಸಿದ್ಧಪಡಿಸಿದೆವು. ಹರಿಹರ ನಮಗೆ ದೂರವಲ್ಲ. ದಾವಣಗೆರೆಯಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ಹಾದಿ. ತುಂಗಭದ್ರೆಯ ದಡದಲ್ಲಿರುವ ಆ ಊರಿನಲ್ಲಿ ಹರಿಹರೇಶ್ವರ ದೇವಾಲಯವಿದೆ. ಬಲಭಾಗದಲ್ಲಿ ಶಿವನ, ಎಡಭಾಗದಲ್ಲಿ ವಿಷ್ಣುವಿನ ಲಕ್ಷಣಗಳನ್ನು ಒಂದೇ ಮೂರ್ತಿಯಲ್ಲಿ ತೋರುವ ದೇವರು ಅಲ್ಲಿ ನೆಲಸಿದ್ದಾನೆ. ವಿದ್ಯಾರ್ಥಿಗಳು ಗುಂಪುಗಳಾಗಿ ಹೋಗಿ ನೋಡಿದರು. ಶಾಸನಗಳ ವಿಷಯವನ್ನು ಓದಿ ಟಿಪ್ಪಣಿ ಮಾಡಿಕೊಂಡರು. ಒಟ್ಟು 24 ಪುಟಗಳಾದವು. ಪ್ರತಿ ಪುಟದ ಕೆಳಗೂ ‘ಹಿಂದಿನ ಪುಟ’, ‘ಮುಂದಿನ ಪುಟ’ ಎಂದು ನಾವೇ ಕೈಯಿಂದ ಬರೆದು ಕೊಂಡಿ ಹಾಕಿದೆವು. ಎರಡು ಸಂಜೆಗಳ ಕೆಲಸವಾಯಿತು. ಎಲ್ಲವೂ ಸರಿಯಾಗಿತ್ತು.

ಕೆಲವು ತಿಂಗಳು ಕಳೆದ ಮೇಲೆ ನಮ್ಮ ಬರಹದಲ್ಲಿ ಒಂದು ಕೊರತೆ ಕಂಡಿತು. ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಸುಮಾರು 1224ರಲ್ಲಿ ಕಟ್ಟಿಸಿದನೆಂದು ಏಳನೆಯ ಪುಟದಲ್ಲಿ ಬರೆದಿದ್ದೆವು. ಅದು ನಿಜ. ಆದರೆ 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನು ಅದಕ್ಕೆ ಹೊಸ ಭಾಗಗಳನ್ನು ಸೇರಿಸಿದ ಸಂಗತಿಯನ್ನು ಎಲ್ಲಿಯೂ ಹೇಳಿರಲಿಲ್ಲ. ಓದಿದವರಿಗೆ ಇಡೀ ದೇವಾಲಯ ಒಬ್ಬನ ಕಾಲದ್ದೇ ಎಂಬ ಭಾವನೆ ಬರುವಂತಿತ್ತು. ಆದ್ದರಿಂದ ಏಳನೆಯ ಮತ್ತು ಎಂಟನೆಯ ಪುಟಗಳ ನಡುವೆ ಒಂದು ಹೊಸ ಪುಟವನ್ನು ಸೇರಿಸಿದೆವು. ಹೊಸ ಪುಟದ ಕೆಳಗೆ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಡಿ ಹಾಕಿದೆವು. ಅದರ ನಂತರದ ಪುಟದಲ್ಲಿ ‘ಹಿಂದಿನ ಪುಟ’ ಎಂಬ ಕೊಂಡಿಯನ್ನು ತಿದ್ದಿದೆವು. ಏಳನೆಯ ಪುಟದಲ್ಲಿದ್ದ ‘ಮುಂದಿನ ಪುಟ’ ಎಂಬ ಕೊಂಡಿಯನ್ನು ತಿದ್ದಲು ಮಾತ್ರ ಮರೆತೆವು.

ಫಲವೇನಾಯಿತು ನೋಡಿರಿ. ಮೊದಲ ಪುಟದಿಂದ ಓದುತ್ತ ಬಂದವರು ಏಳನೆಯ ಪುಟದಿಂದ ನೇರವಾಗಿ ಹಳೆಯ ಎಂಟನೆಯ ಪುಟಕ್ಕೆ ಜಿಗಿಯುತ್ತಿದ್ದರು. ಹೊಸ ಪುಟವು ಇತ್ತು. ಅದರಲ್ಲಿ ಬರೆದ ವಿಷಯವೂ ಸರಿಯಾಗಿತ್ತು. ಆದರೆ ಅಲ್ಲಿಗೆ ಹೋಗುವ ದಾರಿ ಇರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧ ಸ್ಪರ್ಧೆಗಾಗಿ ನಮ್ಮ ಪುಟಗಳನ್ನು ನಂಬಿ ಓದಿದಳು. ದೇವಾಲಯದ ಎಲ್ಲ ಭಾಗಗಳೂ 1224ರವೇ ಎಂದು ಬರೆದಳು. ತೀರ್ಪುಗಾರರು ಅದನ್ನು ಎಲ್ಲರೆದುರು ತಪ್ಪೆಂದು ತೋರಿಸಿದರು. ಅವಳು ನನ್ನ ಬಳಿಗೆ ಬಂದು, “ಸರ್, ನಾನು ಒಂದು ಪುಟವನ್ನೂ ಬಿಡದೆ ಓದಿದ್ದೆನಲ್ಲ?” ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು. ಅವಳು ಒಂದು ಪುಟವನ್ನೂ ಬಿಟ್ಟಿರಲಿಲ್ಲ. ನಾವು ಅವಳಿಗೆ ಒಂದು ಪುಟವನ್ನು ತೋರಿಸಿರಲಿಲ್ಲ.

ಆ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿದ್ಯಾನಗರದಲ್ಲಿರುವ ನನ್ನ ಮನೆಗೆ ಬಂದಿದ್ದ. ಕಂಪ್ಯೂಟರ್ ತಂತ್ರಾಂಶಗಳಿಗೆ ಕೈಪಿಡಿ ಸಿದ್ಧಪಡಿಸುವುದು ಅವನ ವೃತ್ತಿ. ನಡೆದುದನ್ನು ಕೇಳಿ ಅವನು ಹೀಗೆಂದ: “ಸರ್, ಪುಟಗಳ ಕ್ರಮ ನಿಮಗೆ ಗೊತ್ತು. ಆ ಕ್ರಮವನ್ನು ಒಂದು ಸಲ ಬರೆದಿಟ್ಟರೆ ಸಾಕಿತ್ತು. ಅದನ್ನೇ ನೀವು ಇಪ್ಪತ್ತೈದು ಪುಟಗಳಲ್ಲಿ ಮತ್ತೆ ಮತ್ತೆ ಬರೆದಿರಿ. ಮತ್ತೆ ಮತ್ತೆ ಬರೆದದ್ದು ಎಲ್ಲಾದರೂ ಒಂದು ಕಡೆ ತಪ್ಪಲೇಬೇಕು. ಕೊಂಡಿಯನ್ನು ಬರೆಯುವ ಕೆಲಸ ಯಂತ್ರಕ್ಕೆ ಬಿಡಬೇಕು.” ಅನಂತರ ಅವನು ವಿವರಿಸಿದ ರೀತಿಯನ್ನೇ ನಿಮಗೂ ಹೇಳುತ್ತೇನೆ.

ನಿಮ್ಮ ಶಾಲೆಯ ಅಂಗಳದಲ್ಲಿ 60 ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ನಿಂತಿದ್ದಾರೆ ಎಂದುಕೊಳ್ಳಿರಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ ಇದೆ. ಅದರಲ್ಲಿ ತನ್ನ ಮುಂದೆ ನಿಂತವರ ಹೆಸರೂ ಹಿಂದೆ ನಿಂತವರ ಹೆಸರೂ ಇರಬೇಕು. ಇದನ್ನು ಎರಡು ಬಗೆಯಲ್ಲಿ ಮಾಡಬಹುದು. ಉಪಾಧ್ಯಾಯರು ಪ್ರತಿಯೊಬ್ಬರ ಬಳಿಗೂ ಹೋಗಿ ಎರಡೆರಡು ಹೆಸರುಗಳನ್ನು ತಾವೇ ಬರೆದುಕೊಡಬಹುದು. ಇಲ್ಲವೆ, ಒಂದು ಕಡೆ ನಿಂತು ಒಂದೇ ಅಪ್ಪಣೆಯನ್ನು ಕೊಡಬಹುದು: “ನಿನ್ನ ಮುಂದೆ ಯಾರಾದರೂ ಇದ್ದರೆ ಅವರ ಹೆಸರನ್ನು ಬರೆ, ನಿನ್ನ ಹಿಂದೆ ಯಾರಾದರೂ ಇದ್ದರೆ ಅವರ ಹೆಸರನ್ನೂ ಬರೆ.” ಎರಡನೆಯ ಕ್ರಮದಲ್ಲಿ ಉಪಾಧ್ಯಾಯರಿಗೆ ಯಾರ ಹೆಸರೂ ಗೊತ್ತಿರಬೇಕಾಗಿಲ್ಲ. ತಡವಾಗಿ ಬಂದ ಒಬ್ಬ ಹುಡುಗ ಸಾಲಿನ ನಡುವೆ ಸೇರಿಕೊಂಡನೆಂದರೆ, ಹಳೆಯ ಚೀಟಿಗಳನ್ನು ಹರಿದುಹಾಕಿ ಅದೇ ಅಪ್ಪಣೆಯನ್ನು ಮತ್ತೊಮ್ಮೆ ಹೇಳಿದರಾಯಿತು. ಎಲ್ಲ ಚೀಟಿಗಳೂ ಸರಿಹೋಗುತ್ತವೆ.

ಮೊದಲನೆಯ ಕ್ರಮದಲ್ಲಿ ಹೆಸರುಗಳಿವೆ, ಎರಡನೆಯದರಲ್ಲಿ ಸಂಬಂಧಗಳಿವೆ. ‘ಇಂಥ ಪುಟಕ್ಕೆ ಹೋಗು’ ಎಂಬುದು ಹೆಸರು. ‘ನಿನ್ನ ನಂತರದ ಪುಟಕ್ಕೆ ಹೋಗು’ ಎಂಬುದು ಸಂಬಂಧ. ಹೆಸರುಗಳು ಬದಲಾದಾಗಲೂ ಸಂಬಂಧವನ್ನು ಹೇಳುವ ನಿಯಮ ಬದಲಾಗುವುದಿಲ್ಲ. ಈ ಒಂದು ಸೂಕ್ಷ್ಮದ ಮೇಲೆ ಇಡೀ ವಿದ್ಯೆಯೇ ನಿಂತಿದೆ.

ಆದರೆ ಯಂತ್ರಕ್ಕೆ ಅಪ್ಪಣೆ ಕೊಡುವ ಮೊದಲು ಸಾಲು ಎಲ್ಲಿದೆ ಎಂಬುದನ್ನು ಅದಕ್ಕೆ ತೋರಿಸಬೇಕಷ್ಟೆ. ಅದಕ್ಕಾಗಿ ಇಡೀ ಗ್ರಂಥವನ್ನು ಒಂದೇ ಮೂಲಕಡತದಲ್ಲಿ ಬರೆದು, ಅದರ ಅಂಗಾಂಗಗಳಿಗೆ ಗುರುತು ಹಾಕುತ್ತಾರೆ. ‘ಇಲ್ಲಿಂದ ಇಲ್ಲಿಯವರೆಗೆ ಒಂದು ಅಧ್ಯಾಯ’, ‘ಇದು ಅದರ ಶೀರ್ಷಿಕೆ’, ‘ಇದು ಅದರೊಳಗಿನ ಒಂದು ಭಾಗ’ ಎಂದು ಕೋನಾಕಾರದ ಆವರಣಗಳಲ್ಲಿ ಗುರುತುಗಳನ್ನು ಬರೆಯುವ ಪದ್ಧತಿಗೆ ಎಕ್ಸ್‌ಎಂಎಲ್ ಎಂದು ಹೆಸರು. 1998ರಲ್ಲಿ ಇದಕ್ಕೆ ನಿಯಮಗಳು ಗೊತ್ತಾದವು. ಈ ಗುರುತುಗಳು ಅಕ್ಷರದ ಗಾತ್ರವನ್ನಾಗಲಿ ಬಣ್ಣವನ್ನಾಗಲಿ ಹೇಳುವುದಿಲ್ಲ; ಯಾವುದು ಏನು, ಯಾವುದು ಯಾವುದರೊಳಗಿದೆ, ಯಾವುದಾದ ಮೇಲೆ ಯಾವುದು ಎಂಬುದನ್ನು ಮಾತ್ರ ಹೇಳುತ್ತವೆ. ಇದನ್ನು ಒಂದು ಮನೆತನದ ವಂಶವೃಕ್ಷಕ್ಕೆ ಹೋಲಿಸಬಹುದು. ಗ್ರಂಥವು ತಾಯಿ, ಅಧ್ಯಾಯಗಳು ಅವಳ ಮಕ್ಕಳು, ಅಧ್ಯಾಯದೊಳಗಿನ ಭಾಗಗಳು ಮೊಮ್ಮಕ್ಕಳು. ಒಂದು ಅಧ್ಯಾಯಕ್ಕೆ ಅದರ ಹಿಂದಿನ ಅಧ್ಯಾಯ ಅಕ್ಕ, ಮುಂದಿನದು ತಂಗಿ. ಯಂತ್ರವು ಯಾವುದೇ ಒಂದು ಅಂಗದ ಮೇಲೆ ನಿಂತು, “ನನ್ನ ತಾಯಿ ಯಾರು? ನನ್ನ ಅಕ್ಕ ಯಾರು? ನನ್ನ ತಂಗಿ ಯಾರು?” ಎಂದು ಕೇಳಿ ಉತ್ತರವನ್ನು ಪಡೆಯಬಲ್ಲದು.

ಇನ್ನು ಅಪ್ಪಣೆಗಳ ಮಾತು. ಮೂಲಕಡತದಿಂದ ಓದುವ ಪುಟಗಳನ್ನು ಹೇಗೆ ರೂಪಿಸಬೇಕೆಂಬ ನಿಯಮಗಳನ್ನೆಲ್ಲ ಬೇರೊಂದು ಕಡತದಲ್ಲಿ ಬರೆದಿಡುತ್ತಾರೆ. ಅದಕ್ಕೆ ಸ್ಟೈಲ್‌ಶೀಟ್ ಎಂದು ಹೆಸರು. ಅದರಲ್ಲಿ ಒಂದೊಂದು ಬಗೆಯ ಅಂಗಕ್ಕೂ ಒಂದೊಂದು ಟೆಂಪ್ಲೇಟು ಇರುತ್ತದೆ. ಟೆಂಪ್ಲೇಟು ಎಂದರೆ ಅಚ್ಚು. ಸಂಕ್ರಾಂತಿಯ ಕಾಲದಲ್ಲಿ ನಮ್ಮ ಮನೆಗಳಲ್ಲಿ ಸಕ್ಕರೆ ಅಚ್ಚು ಮಾಡುವುದನ್ನು ನೀವು ನೋಡಿದ್ದೀರಿ. ಪಾಕವನ್ನು ಮರದ ಅಚ್ಚಿಗೆ ಹೊಯ್ದರೆ ಆನೆ, ನವಿಲು, ತೇರು ಮೂಡುತ್ತವೆ. ಆದರೆ ಆ ಅಚ್ಚಿನಲ್ಲಿ ಮೂಡಿದ ಆನೆಗಳೆಲ್ಲ ಒಂದೇ ಬಗೆ. ಪುಟದ ಅಚ್ಚು ಅದಕ್ಕಿಂತ ಸ್ವಲ್ಪ ಚತುರವಾದುದು. ಅದು ಶಾಲೆಯ ವರ್ಗಾವಣೆ ಪತ್ರದ ನಮೂನೆಯನ್ನು ಹೋಲುತ್ತದೆ. ನಮೂನೆಯಲ್ಲಿ ಕೆಲವು ಮಾತುಗಳು ಮೊದಲೇ ಅಚ್ಚಾಗಿರುತ್ತವೆ. ಕೆಲವು ಸ್ಥಳಗಳು ಖಾಲಿ ಇರುತ್ತವೆ. ಖಾಲಿ ಇದ್ದಲ್ಲಿ ಆಯಾ ವಿದ್ಯಾರ್ಥಿಯ ವಿವರವನ್ನು ತುಂಬುತ್ತಾರೆ. ಟೆಂಪ್ಲೇಟಿನಲ್ಲಿಯೂ ಹೀಗೆಯೇ. ‘ಮುಂದಿನದು’ ಎಂಬ ಮಾತು ಅಚ್ಚಿನದು; ಅದರ ಮುಂದೆ ಬರುವ ಶೀರ್ಷಿಕೆ ಆಯಾ ಪುಟದ್ದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ನಿಮಗೆಲ್ಲ ಪರಿಚಿತವಾದ ಕಾವ್ಯ. ಅದರಲ್ಲಿ 10 ಪರ್ವಗಳೂ 152 ಸಂಧಿಗಳೂ ಇವೆ. ಒಂದೊಂದು ಸಂಧಿಗೆ ಒಂದೊಂದು ಪುಟದಂತೆ ಅದನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಭಾವಿಸೋಣ. 152 ಪುಟಗಳ ನಡುವೆ 151 ಸಂದುಗಳಿರುತ್ತವೆ. ಒಂದೊಂದು ಸಂದಿಗೆ ಮುಂದೆ ಹೋಗಲು ಒಂದು, ಹಿಂದೆ ಬರಲು ಒಂದು, ಹೀಗೆ ಎರಡು ಕೊಂಡಿಗಳು ಬೇಕು. ಒಟ್ಟು 302. ಪ್ರತಿ ಪುಟದಿಂದಲೂ ಅದು ಸೇರಿದ ಪರ್ವಕ್ಕೆ ಒಂದು, ಗ್ರಂಥದ ಮೊದಲ ಪುಟಕ್ಕೆ ಒಂದು ಕೊಂಡಿ ಬೇಕೆಂದರೆ ಇನ್ನೂ 304 ಕೊಂಡಿಗಳಾದವು. ಅಂದರೆ 606 ಕೊಂಡಿಗಳು. ಇವನ್ನು ಕೈಯಿಂದ ಬರೆಯುವವನ ಸಹನೆಗೆ ಎಣೆಯಿಲ್ಲ. ಆದರೆ ಅವನ ಕೈ ತಪ್ಪುವುದಿಲ್ಲವೆಂದು ಯಾರೂ ಹೇಳಲಾರರು. ನಡುವೆ ಒಂದು ಹೊಸ ಪುಟವನ್ನು ಸೇರಿಸಿದರೆ ಸಾಲಿನಲ್ಲಿಯೇ ನಾಲ್ಕು ಕೊಂಡಿಗಳ ಕೆಲಸವಿದೆ: ಹೊಸ ಪುಟದಲ್ಲಿ ಎರಡನ್ನು ಬರೆಯಬೇಕು, ಅಕ್ಕಪಕ್ಕದ ಪುಟಗಳಲ್ಲಿ ಒಂದೊಂದನ್ನು ತಿದ್ದಬೇಕು. ನಾವು ಹರಿಹರದ ಪುಟಗಳಲ್ಲಿ ಈ ನಾಲ್ಕರಲ್ಲಿ ಮೂರನ್ನು ಮಾತ್ರ ಮಾಡಿದ್ದೆವು.

ಇದೇ ಕೆಲಸವನ್ನು ಟೆಂಪ್ಲೇಟು ಮಾಡುವ ಬಗೆ ಹೀಗಿದೆ. ಯಂತ್ರವು ಮೂಲಕಡತವನ್ನು ಮೊದಲಿನಿಂದ ಓದುತ್ತ ಬರುತ್ತದೆ. ‘ಸಂಧಿ’ ಎಂಬ ಗುರುತು ಎದುರಾದೊಡನೆ ಸ್ಟೈಲ್‌ಶೀಟಿನಲ್ಲಿ ಸಂಧಿಗೆ ತಕ್ಕ ಟೆಂಪ್ಲೇಟನ್ನು ಹುಡುಕುತ್ತದೆ. ಆ ಟೆಂಪ್ಲೇಟು ಯಂತ್ರಕ್ಕೆ ಹೇಳುವುದನ್ನು ನಮ್ಮ ಮಾತಿನಲ್ಲಿ ಬರೆದರೆ ಹೀಗಾಗುತ್ತದೆ: “ಒಂದು ಹೊಸ ಪುಟವನ್ನು ತೆರೆ. ಮೇಲೆ ಈ ಸಂಧಿಯ ಶೀರ್ಷಿಕೆಯನ್ನು ಬರೆ. ಅದರ ಕೆಳಗೆ ಪದ್ಯಗಳನ್ನು ಕ್ರಮವಾಗಿ ಇಡು. ಕೊನೆಯಲ್ಲಿ, ಇದಕ್ಕಿಂತ ಹಿಂದೆ ಒಂದು ಸಂಧಿ ಇದ್ದರೆ ‘ಹಿಂದಿನದು’ ಎಂದು ಬರೆದು, ಆ ಸಂಧಿಯ ಶೀರ್ಷಿಕೆಯನ್ನು ಸೇರಿಸಿ, ಅದರ ಪುಟಕ್ಕೆ ಕೊಂಡಿ ಹಾಕು. ಇದರ ನಂತರ ಒಂದು ಸಂಧಿ ಇದ್ದರೆ ‘ಮುಂದಿನದು’ ಎಂದು ಬರೆದು ಹಾಗೆಯೇ ಮಾಡು. ಇದನ್ನು ಒಳಗೊಂಡ ಪರ್ವಕ್ಕೆ ‘ಮೇಲಕ್ಕೆ’ ಎಂದು ಕೊಂಡಿ ಹಾಕು.” ಇಷ್ಟೇ. ಈ ಕೆಲವು ಸಾಲುಗಳು 152 ಸಲ ನಡೆದು 152 ಪುಟಗಳನ್ನು ಕೊಡುತ್ತವೆ. ಸಂಧಿಗಳು ಸಾವಿರವಿದ್ದರೂ ಟೆಂಪ್ಲೇಟಿನ ಸಾಲುಗಳು ಹೆಚ್ಚುವುದಿಲ್ಲ.

ಇಲ್ಲಿ ‘ಇದ್ದರೆ’ ಎಂಬ ಮಾತನ್ನು ಗಮನಿಸಿರಿ. ಅದು ಚಿಕ್ಕದಾದರೂ ಅದಿಲ್ಲದೆ ನಡೆಯದು. ಕಾವ್ಯದ ಮೊಟ್ಟಮೊದಲ ಸಂಧಿಗೆ ಹಿಂದಿನದೆಂಬುದಿಲ್ಲ; ಗದಾಪರ್ವದ ಕಡೆಯ ಸಂಧಿಗೆ ಮುಂದಿನದೆಂಬುದಿಲ್ಲ. ‘ಇದ್ದರೆ’ ಎಂದು ಕೇಳದೆ ಕೊಂಡಿ ಹಾಕಿದರೆ ಮೊದಲ ಪುಟದಲ್ಲಿಯೂ ಕೊನೆಯ ಪುಟದಲ್ಲಿಯೂ ಎಲ್ಲಿಗೂ ಹೋಗದ ಕೊಂಡಿಗಳು ಮೂಡುತ್ತವೆ. ಅದನ್ನು ಒತ್ತಿದ ಓದುಗನು ಬಾಗಿಲೆಂದು ತಿಳಿದು ಗೋಡೆಗೆ ಹಾಯ್ದಂತಾಗುತ್ತದೆ.

ಇನ್ನೊಂದು ಕಷ್ಟವಿದೆ. ಆದಿಪರ್ವದ ಕಡೆಯ ಸಂಧಿಯನ್ನು ಓದಿ ಮುಗಿಸಿದವನು ಮುಂದೆ ಎಲ್ಲಿಗೆ ಹೋಗಬೇಕು? ಸಭಾಪರ್ವದ ಮೊದಲನೆಯ ಸಂಧಿಗೆ. ಆದರೆ ಆ ಸಂಧಿಯು ಇದರ ಒಡಹುಟ್ಟಿದುದಲ್ಲ, ಚಿಕ್ಕಮ್ಮನ ಮಗಳು. ‘ನನ್ನ ತಂಗಿ ಯಾರು?’ ಎಂದು ಮಾತ್ರ ಕೇಳುವ ಟೆಂಪ್ಲೇಟು ಇಲ್ಲಿ ‘ಯಾರೂ ಇಲ್ಲ’ ಎಂದು ಕೈಚೆಲ್ಲುತ್ತದೆ. ಓದುಗನು ಆದಿಪರ್ವದಲ್ಲಿಯೇ ಸಿಕ್ಕಿಕೊಳ್ಳುತ್ತಾನೆ. ದ್ಯೂತವಾಗಲಿ ಯುದ್ಧವಾಗಲಿ ಅವನಿಗೆ ದೊರೆಯುವುದಿಲ್ಲ. ಆದುದರಿಂದ ಬಲ್ಲವರು ಪ್ರಶ್ನೆಯನ್ನೇ ಬದಲಿಸುತ್ತಾರೆ: “ಯಾವ ಪರ್ವದಲ್ಲಿದ್ದರೂ ಸರಿ, ಗ್ರಂಥದ ಕ್ರಮದಲ್ಲಿ ನನ್ನ ನಂತರ ಬರುವ ಸಂಧಿಗಳಲ್ಲಿ ಮೊದಲನೆಯದು ಯಾವುದು?” ಪ್ರಶ್ನೆಯನ್ನು ಸರಿಯಾಗಿ ಕೇಳಿದರೆ ಯಂತ್ರವು ಸರಿಯಾದ ಉತ್ತರವನ್ನೇ ಕೊಡುತ್ತದೆ. ಗಣಿತದಲ್ಲಿಯೂ ವ್ಯಾಕರಣದಲ್ಲಿಯೂ ನೀವು ಕಂಡಿರುವ ಸತ್ಯವೇ ಇದು.

ಕೊಂಡಿ ಹಾಕಬೇಕಾದರೆ ಪ್ರತಿ ಪುಟಕ್ಕೂ ಒಂದು ಗುರುತಿನ ಹೆಸರು ಇರಲೇಬೇಕು. ಒಂದು ಹೆಸರು ಎರಡು ಪುಟಗಳಿಗೆ ಇರಕೂಡದು. ಈ ಹೆಸರನ್ನು ಪುಟದ ಸ್ಥಾನದಿಂದ ಮಾಡಿದರೆ, ಅಂದರೆ ‘ಎಂಟನೆಯ ಪುಟ’ ಎಂದೇ ಹೆಸರಿಟ್ಟರೆ, ನಡುವೆ ಒಂದು ಪುಟ ಸೇರಿದಾಗ ಎಂಟನೆಯದು ಒಂಬತ್ತನೆಯದಾಗುತ್ತದೆ. ಹೊರಗಿನವರು ಮೊದಲು ಬರೆದುಕೊಂಡಿದ್ದ ವಿಳಾಸಗಳೆಲ್ಲ ಸುಳ್ಳಾಗುತ್ತವೆ. ಆದ್ದರಿಂದ ಸ್ಥಾನವನ್ನು ಹೇಳದೆ ವಿಷಯವನ್ನು ಹೇಳುವ ಹೆಸರನ್ನು ಒಮ್ಮೆ ಇಟ್ಟು, ಅದನ್ನು ಎಂದಿಗೂ ಬದಲಿಸದಿರುವುದು ಲೇಸು.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಅದರ ಹನ್ನೊಂದನೆಯ ಸಂಪುಟ ಚಿತ್ರದುರ್ಗ ಜಿಲ್ಲೆಯದು. ಆ ಸಂಪುಟದಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ಕೊಟ್ಟರು. ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಹೆಸರಿನಲ್ಲಿ ಸೇರಿದವು. ಈಗ ಹರಿಹರವೇ ಒಂದು ತಾಲ್ಲೂಕು. 1997ರಿಂದ ದಾವಣಗೆರೆಯೇ ಒಂದು ಜಿಲ್ಲೆ. ಆಡಳಿತದ ಗಡಿಗಳು ಬದಲಾದವು. ಆದರೂ ವಿದ್ವಾಂಸರ ಗ್ರಂಥಗಳಲ್ಲಿ ಆ ಹಳೆಯ ಸಂಖ್ಯೆಯನ್ನು ಕಂಡವರು ಇಂದಿಗೂ ಅದೇ ಕಲ್ಲಿನ ಪಾಠವನ್ನು ತಲುಪುತ್ತಾರೆ. ಒಮ್ಮೆ ಇಟ್ಟ ಗುರುತು ನೂರು ವರ್ಷಗಳಾದರೂ ದಾರಿ ತೋರಿಸುತ್ತಿದೆ.

ಟೆಂಪ್ಲೇಟುಗಳ ಈ ವಿದ್ಯೆ ಒಂದೇ ದಿನದಲ್ಲಿ ಹುಟ್ಟಿದುದಲ್ಲ. ಜಿನೀವಾ ನಗರದ ಬಳಿಯ ಸೆರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು 1989ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಅಲ್ಲಿನ ವಿಜ್ಞಾನಿಗಳ ಬರಹಗಳನ್ನು ಕೊಂಡಿಗಳಿಂದ ಬೆಸೆಯಬೇಕೆಂಬುದು ಅದರ ತಿರುಳು. ವಿಶ್ವವ್ಯಾಪಿ ಜಾಲ ಹುಟ್ಟಿದ್ದು ಅದರಿಂದ. ಜಾಲ ಬೆಳೆದಂತೆ ಕೈಯಿಂದ ಕೊಂಡಿ ಹಾಕುವ ಕಷ್ಟವೂ ಬೆಳೆಯಿತು. 1991ರಲ್ಲಿ ತಂತ್ರಾಂಶಗಳ ಕೈಪಿಡಿಗಳಿಗಾಗಿ ‘ಡಾಕ್‌ಬುಕ್’ ಎಂಬ ಗುರುತುಗಳ ಪದ್ಧತಿ ಆರಂಭವಾಯಿತು. ಅಧ್ಯಾಯ, ಭಾಗ, ಚಿತ್ರ, ಕೋಷ್ಟಕ ಮುಂತಾದವುಗಳಿಗೆಲ್ಲ ಅದರಲ್ಲಿ ಗುರುತುಗಳಿವೆ. 1999ರ ನವೆಂಬರಿನಲ್ಲಿ ಎಕ್ಸ್‌ಎಸ್‌ಎಲ್‌ಟಿ ಎಂಬ ಭಾಷೆಯ ಮೊದಲ ಆವೃತ್ತಿ ಗೊತ್ತಾಯಿತು. ನಾನು ಮೇಲೆ ನಮ್ಮ ಮಾತಿನಲ್ಲಿ ಬರೆದ ಅಪ್ಪಣೆಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಭಾಷೆಯೇ ಅದು. ಡಾಕ್‌ಬುಕ್ ಗ್ರಂಥಗಳಿಗಾಗಿ ನಾರ್ಮನ್ ವಾಲ್ಷ್ ಎಂಬವರು ಆ ಭಾಷೆಯಲ್ಲಿ ಸ್ಟೈಲ್‌ಶೀಟುಗಳನ್ನು ಸಿದ್ಧಪಡಿಸಿದರು. ಮುಂದೆ ಹಲವರು ಕೂಡಿ ಅವನ್ನು ಬೆಳೆಸಿದರು. ಗ್ರಂಥವನ್ನು ಪುಟಗಳಾಗಿ ತುಂಡರಿಸಿ, ಪ್ರತಿ ಪುಟದ ತಲೆಯಲ್ಲೂ ಬುಡದಲ್ಲೂ ಹಿಂದಿನದು, ಮುಂದಿನದು, ಮೇಲಕ್ಕೆ, ಮೊದಲ ಪುಟ ಎಂಬ ಕೊಂಡಿಗಳನ್ನು ಕಟ್ಟುವ ಟೆಂಪ್ಲೇಟುಗಳು ಅವುಗಳಲ್ಲಿವೆ. ಇಂದು ಇದೇ ಕೆಲಸವನ್ನು ಮಾಡುವ ಬೇರೆ ಉಪಕರಣಗಳೂ ಹಲವಿವೆ. ಉಪಕರಣ ಯಾವುದಾದರೂ ಇರಲಿ, ಕ್ರಮವನ್ನು ಒಂದೇ ಕಡೆ ಬರೆ, ಕೊಂಡಿಯನ್ನು ನಿಯಮದಿಂದ ಹುಟ್ಟಿಸು ಎಂಬ ತತ್ತ್ವ ಎಲ್ಲದಕ್ಕೂ ಒಂದೇ.

ಈ ಸ್ಟೈಲ್‌ಶೀಟುಗಳಲ್ಲಿ ಇನ್ನೊಂದು ಜಾಣತನವನ್ನು ಕಾಣಬಹುದು. ‘ಮುಂದಿನದು’, ‘ಹಿಂದಿನದು’ ಎಂಬ ಮಾತುಗಳನ್ನು ಟೆಂಪ್ಲೇಟಿನೊಳಗೆ ಬರೆಯುವುದಿಲ್ಲ. ಅವನ್ನು ಒಂದೊಂದು ಭಾಷೆಗೆ ಒಂದೊಂದರಂತೆ ಪ್ರತ್ಯೇಕ ಕಡತಗಳಲ್ಲಿ ಇಟ್ಟಿರುತ್ತಾರೆ. ಗ್ರಂಥ ಯಾವ ಭಾಷೆಯದೆಂದು ನೋಡಿ ಯಂತ್ರವು ತಕ್ಕ ಮಾತನ್ನು ತಂದುಕೊಳ್ಳುತ್ತದೆ. ಎಂದಮೇಲೆ ಟೆಂಪ್ಲೇಟನ್ನು ಮುಟ್ಟದೆಯೇ ಅದನ್ನು ಕನ್ನಡಕ್ಕೆ ದುಡಿಸಬಹುದು. ಇಂಥ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಡುವ ಕೆಲಸಕ್ಕೆ ಯಂತ್ರದ ಜ್ಞಾನಕ್ಕಿಂತ ಭಾಷೆಯ ಜ್ಞಾನ ಮುಖ್ಯ.

ಕೊಂಡಿಯಲ್ಲಿ ಬರೆಯುವ ಮಾತಿನ ವಿಷಯವಾಗಿಯೂ ಎಚ್ಚರ ಬೇಕು. ಕೆಲವರು ‘ಇಲ್ಲಿ ಒತ್ತಿ’ ಎಂದಷ್ಟೇ ಬರೆಯುತ್ತಾರೆ. ಕಣ್ಣು ಕಾಣದವರು ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ಓದುತ್ತಾರೆ. ಅವರು ಕೊಂಡಿಗಳನ್ನಷ್ಟೇ ಒಂದೊಂದಾಗಿ ಕೇಳುತ್ತ ಹೋಗುವುದುಂಟು. ಅವರ ಕಿವಿಗೆ ‘ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂಬ ಮಾತು ಬಿದ್ದರೆ ಏನು ಪ್ರಯೋಜನ? ‘ಮುಂದಿನದು: 1268ರ ಸೇರ್ಪಡೆಗಳು’ ಎಂದು ಕೇಳಿದರೆ ದಾರಿಯೂ ತಿಳಿಯಿತು, ಊರೂ ತಿಳಿಯಿತು. ಟೆಂಪ್ಲೇಟಿನಲ್ಲಿ ಶೀರ್ಷಿಕೆಯನ್ನು ಸೇರಿಸುವ ಒಂದು ಸಾಲನ್ನು ಬರೆದರೆ ಎಲ್ಲ ಪುಟಗಳಿಗೂ ಈ ಉಪಕಾರ ದೊರೆಯುತ್ತದೆ.

ಹಾಗೆಂದು ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ನಿಶ್ಚಿಂತರಾಗಿ ಇರಬಹುದೆಂದು ತಿಳಿಯಬಾರದು. ಟೆಂಪ್ಲೇಟಿನಲ್ಲಿ ಒಂದು ತಪ್ಪಿದ್ದರೆ ಅದು ಒಂದು ಪುಟದಲ್ಲಿ ಉಳಿಯುವುದಿಲ್ಲ. ಎಲ್ಲ ಪುಟಗಳಿಗೂ ಹರಡುತ್ತದೆ. ಅಲ್ಲದೆ ಯಂತ್ರವು ನಾವು ಕೊಟ್ಟ ಕ್ರಮವನ್ನು ಪಾಲಿಸುತ್ತದೆಯೇ ಹೊರತು ಆ ಕ್ರಮ ಸರಿಯೇ ಎಂದು ವಿಚಾರಿಸುವುದಿಲ್ಲ. ಮೂಲಕಡತದಲ್ಲಿ ವಿರಾಟಪರ್ವವನ್ನು ಸಭಾಪರ್ವಕ್ಕಿಂತ ಮೊದಲು ಇಟ್ಟರೆ, ಪಾಂಡವರು ಜೂಜಿನಲ್ಲಿ ಸೋಲುವ ಮೊದಲೇ ಅಜ್ಞಾತವಾಸಕ್ಕೆ ಹೋಗುವಂತೆ ಅದು ಅಚ್ಚುಕಟ್ಟಾಗಿ ಕೊಂಡಿ ಹಾಕಿಕೊಡುತ್ತದೆ. ಕ್ರಮವನ್ನು ನಿಶ್ಚಯಿಸುವ ವಿವೇಕ ಮನುಷ್ಯನದು.

ಆದುದರಿಂದ ಪುಟಗಳು ಸಿದ್ಧವಾದ ಮೇಲೆ ಪರೀಕ್ಷಿಸಬೇಕು. ಅದಕ್ಕೆ ಸುಲಭವಾದ ಉಪಾಯವೊಂದಿದೆ. ಮೊದಲ ಪುಟದಿಂದ ಹೊರಟು ‘ಮುಂದಿನದು’ ಎಂಬುದನ್ನು ಮಾತ್ರ ಒತ್ತುತ್ತ, ಎಣಿಸುತ್ತ, ಕೊನೆಯವರೆಗೆ ಹೋಗಬೇಕು. ಎಣಿಕೆಯು ಒಟ್ಟು ಪುಟಗಳಿಗೆ ಸಮವಾಗಿರಬೇಕು. ಅನಂತರ ‘ಹಿಂದಿನದು’ ಎಂಬುದನ್ನು ಮಾತ್ರ ಒತ್ತುತ್ತ ಹಿಂದಿರುಗಬೇಕು. ಆಗಲೂ ಅಷ್ಟೇ ಎಣಿಕೆ ಬರಬೇಕು. ನಮ್ಮ ಹರಿಹರದ ಪುಟಗಳನ್ನು ಹೀಗೆ ಎಣಿಸಿದ್ದರೆ ಹೋಗುವಾಗ 24, ಬರುವಾಗ 25 ಎಂದು ಬರುತ್ತಿತ್ತು. ಆ ಒಂದು ಅಂಕಿಯ ವ್ಯತ್ಯಾಸ ನಮ್ಮ ತಪ್ಪನ್ನು ಕೂಗಿ ಹೇಳುತ್ತಿತ್ತು. ಹತ್ತು ನಿಮಿಷದ ಆ ಕೆಲಸವನ್ನು ನಾವು ಮಾಡಲಿಲ್ಲ.

ಹಳೆಯ ವಿದ್ಯಾರ್ಥಿಯ ನೆರವಿನಿಂದ ನಮ್ಮ ಪುಟಗಳಿಗೂ ಟೆಂಪ್ಲೇಟು ಸಿದ್ಧವಾಯಿತು. ಬರಹಗಳನ್ನೆಲ್ಲ ಒಂದೇ ಮೂಲಕಡತಕ್ಕೆ ತಂದು ಗುರುತು ಹಾಕುವ ಕೆಲಸವನ್ನು ವಿದ್ಯಾರ್ಥಿಗಳು ಹಂಚಿಕೊಂಡು ಮಾಡಿದರು. ಪ್ರಬಂಧ ಬರೆದ ಹುಡುಗಿಯೇ ಪರೀಕ್ಷಿಸುವ ಕೆಲಸವನ್ನು ಕೇಳಿ ಪಡೆದಳು. ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ಎಣಿಸಿ, ಎರಡೂ ಸಲ 25 ಎಂದು ಹಲಗೆಯ ಮೇಲೆ ಬರೆದಳು. ಏಳನೆಯ ಪುಟದ ಬುಡದಲ್ಲಿ ಸೋಮ ದಂಡನಾಯಕನ ಪುಟದ ಹೆಸರು ಕಾಣಿಸಿಕೊಂಡಿತ್ತು. ಮರುವರ್ಷ ಇನ್ನೂ ಮೂರು ಪುಟಗಳು ಸೇರಿದವು. ಯಾರೂ ಒಂದು ಕೊಂಡಿಯನ್ನೂ ಕೈಯಿಂದ ತಿದ್ದಲಿಲ್ಲ.

ಜ್ಞಾನವನ್ನು ಸಂಗ್ರಹಿಸುವುದು ದೊಡ್ಡ ಕೆಲಸ. ಅದು ಬೇಕಾದವನಿಗೆ ತಲುಪುವಂತೆ ದಾರಿ ಮಾಡುವುದೂ ಅಷ್ಟೇ ದೊಡ್ಡ ಕೆಲಸ. ಓಲೆಗರಿಯ ಅಂಚಿನಲ್ಲಿ ಅಂಕಿ ಬರೆದ ಲಿಪಿಕಾರನೂ ಟೆಂಪ್ಲೇಟು ಬರೆಯುವ ಇಂದಿನ ತರುಣನೂ ತಮಗೆ ಪರಿಚಯವಿಲ್ಲದ ಓದುಗನೊಬ್ಬನನ್ನು ನೆನೆದು ದುಡಿಯುತ್ತಾರೆ. ನಾಳೆ ನೀವೂ ಬರೆಯುತ್ತೀರಿ. ನಿಮ್ಮ ಬರಹವೂ ಪುಟಪುಟವಾಗಿ ಲೋಕಕ್ಕೆ ಹೋಗುತ್ತದೆ. ಬರೆದು ಮುಗಿಸಿದೊಡನೆ ಕೈತೊಳೆದುಕೊಳ್ಳದೆ, ಮೊದಲ ಪುಟದಲ್ಲಿ ಒಬ್ಬ ಹೊಸಬನಂತೆ ನಿಂತು, ಕೊನೆಯವರೆಗೆ ಒಮ್ಮೆ ನಡೆದು ನೋಡಿರಿ.